ಮಳೆಯಿಲ್ಲದ ದಿನದ ಕೊಡೆ

ಚಳಿಗಾಲ ಬಂತೆಂದರೆ ಆ ಉದ್ಯಾನದಲ್ಲಿ ನಡೆಯುವವರ ಮುಖಗಳೆಲ್ಲ ಮಾಯವಾಗಿ ಬರೀ ಮೂಗುಗಳು ಉಳಿಯುತ್ತಿದ್ದವು. ಟೋಪಿ ಹುಬ್ಬಿನವರೆಗೆ ಇಳಿದಿರುತ್ತಿತ್ತು, ಮಫ್ಲರ್ ತುಟಿಯವರೆಗೆ ಏರಿರುತ್ತಿತ್ತು. ಯಾರು ಯಾರೆಂದು ತಿಳಿಯುತ್ತಿದ್ದದ್ದು ನಡಿಗೆಯಿಂದಲೇ. ಮೇಷ್ಟ್ರು ಕೈ ಹಿಂದೆ ಕಟ್ಟಿಕೊಂಡು, ಪರೀಕ್ಷೆಯ ಕೋಣೆಯಲ್ಲಿ ಕಾಪಿ ಹೊಡೆಯುವವರನ್ನು ಹುಡುಕುವವರಂತೆ ನಡೆಯುತ್ತಿದ್ದರು. ನಿವೃತ್ತ ಡಾಕ್ಟರು ತೋಳುಗಳನ್ನು ಗಾಳಿಗೆ ಬೀಸುತ್ತಾ ಹೋಗುತ್ತಿದ್ದರು, ಅಕ್ಕಪಕ್ಕದವರು ಜಾಗ ಬಿಡಬೇಕಾಗುತ್ತಿತ್ತು. ಇವರೆಲ್ಲರಿಗಿಂತ ಅರ್ಧ ಹೆಜ್ಜೆ ಹಿಂದೆ, ಎಡಗೈಗೆ ಉಣ್ಣೆಯ ಗವಸು ಹಾಕಿ ಬಲಗೈ ಬರಿದಾಗಿ ಬಿಟ್ಟುಕೊಂಡು ಬರುತ್ತಿದ್ದವರು ಸ್ಟುಡಿಯೋ ಮಾಮ. ಬಲಗೈ ಚಳಿಗೆ ಮರಗಟ್ಟಿದರೂ ಚಿಂತೆಯಿಲ್ಲ, ಅದು ಫೋನಿನ ಕೈ.

ಒಂದು ಕಾಲಕ್ಕೆ ಆ ಭಾಗದ ಮದುವೆಗಳೆಲ್ಲ ಅವರ ಕ್ಯಾಮೆರಾದ ಮುಂದೆಯೇ ನಡೆಯಬೇಕಿತ್ತು. ಮದುಮಗ ಎಂಥ ದೊಡ್ಡವನೇ ಇರಲಿ, ಅವರು ಗದ್ದ ಎತ್ತು ಅಂದರೆ ಎತ್ತಬೇಕು, ಉಸಿರು ಹಿಡಿ ಅಂದರೆ ಹಿಡಿಯಬೇಕು. ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ. ಸ್ಟುಡಿಯೋದ ಹಿಂಗೋಡೆಯ ಜಲಪಾತದ ಪರದೆ ಮಾಸಿ ನೀರು ಹಾಲಿನ ಬಣ್ಣಕ್ಕೆ ತಿರುಗಿತ್ತು. ಅರ್ಜಿಗೆ ಅಂಟಿಸುವ ಚಿಕ್ಕ ಫೋಟೋಗೆ ಯಾರಾದರೂ ಬಂದರೆ ಬಂದರು, ಇಲ್ಲದಿದ್ದರೆ ಮಾಮ ಕುರ್ಚಿಯಲ್ಲಿ ಕೂತು ರಸ್ತೆ ನೋಡುತ್ತಿದ್ದರು.

ಅವರನ್ನು ಮತ್ತೆ ಮನುಷ್ಯರ ಲೆಕ್ಕಕ್ಕೆ ಸೇರಿಸಿದ್ದು ವಾಕಿಂಗ್ ಗುಂಪು. ಗುಂಪಿನವರೆಲ್ಲ ಫೋನಿನಲ್ಲೂ ಒಂದು ಗುಂಪು ಮಾಡಿಕೊಂಡಿದ್ದರು. ಮಾಮ ಬೆಳಗಿನ ಸುತ್ತಿನಲ್ಲಿ ಕಂಡದ್ದೇನಾದರೂ ತುಣುಕು ವಿಡಿಯೋ ಮಾಡಿ, ಅದಕ್ಕೊಂದು ಒಗ್ಗರಣೆಯ ಮಾತು ಸೇರಿಸಿ ಕಳಿಸುತ್ತಿದ್ದರು. ತನ್ನ ಬಾಲವನ್ನೇ ಅಟ್ಟಿಸಿಕೊಂಡು ಸುತ್ತುವ ನಾಯಿ, ಯೋಗ ಮಾಡುತ್ತಾ ಗೊರಕೆ ಹೊಡೆದ ದಪ್ಪ ಮನುಷ್ಯ. ಒಮ್ಮೆ ಮೇಷ್ಟ್ರು ಸೀನಿದಾಗ ಕಟ್ಟಿಸಿದ ಹಲ್ಲು ಹುಲ್ಲಿನ ಮೇಲೆ ಹಾರಿ ಬಿದ್ದದ್ದೂ ಬಂತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಮೇಷ್ಟ್ರೂ ನಕ್ಕರು. ಮನೆಗೆ ಬಂದು ಮಾಮ ಚಹಾ ಕುಡಿಯುವಷ್ಟರಲ್ಲಿ ಹೊಗಳಿಕೆ ಸಾಲುಗಟ್ಟಿರುತ್ತಿತ್ತು. ‘ಸ್ಟುಡಿಯೋದವರೇ, ನಿಮ್ಮ ಕಣ್ಣೇ ಕಣ್ಣು’ ಎಂದು ಡಾಕ್ಟರು ಬರೆದದ್ದನ್ನು ಅವರು ಹೆಂಡತಿಗೆ ಓದಿ ಹೇಳುತ್ತಿದ್ದರು. ಆಕೆ ಹೂಂ ಅನ್ನುತ್ತಿದ್ದರು, ಅಷ್ಟೇ.

ಆ ದಿನ ಮಂಜು ದಟ್ಟವಾಗಿತ್ತು. ದೀಪಗಳನ್ನು ಇನ್ನೂ ಆರಿಸಿರಲಿಲ್ಲ. ನೀರಿನ ಕೊಳವೆ ಒಡೆದಿದ್ದರಿಂದ ಕಾರಂಜಿಯ ಪಕ್ಕದ ಹಾದಿಯಲ್ಲಿ ಗುಂಡಿ ತೋಡಿದ್ದರು. ಸುತ್ತ ಕಟ್ಟಿದ್ದ ಹಗ್ಗ ಸಡಿಲವಾಗಿ ನೆಲಕ್ಕೆ ಬಿದ್ದಿತ್ತು. ಮಾಮ ಗುಂಡಿಯ ಆಚೆ ನಿಂತು ಮಂಜಿನಲ್ಲಿ ಕಾರಂಜಿ ಹೇಗೆ ಬರುತ್ತದೆಂದು ನೋಡುತ್ತಿದ್ದಾಗ, ಎದುರಿನ ಹಾದಿಯಲ್ಲಿ ಒಬ್ಬ ಹೆಂಗಸು ಬಂದಳು. ಹೆಗಲಿಗೆ ಕಂದು ಶಾಲು, ಕೈಯಲ್ಲಿ ಮಡಿಚಿದ ಕೊಡೆ. ತಿಂಗಳುಗಳಿಂದ ಒಂದು ಹನಿ ಮಳೆಯಿಲ್ಲ, ಈಕೆಗೆ ಕೊಡೆ. ಅದರ ತುದಿಯನ್ನು ನೆಲಕ್ಕೆ ಕುಟ್ಟುತ್ತಾ, ಒಮ್ಮೆ ಎಡಕ್ಕೆ ವಾಲಿ, ಒಮ್ಮೆ ಬಲಕ್ಕೆ ಸರಿದು ಬರುತ್ತಿದ್ದಳು. ಕಣ್ಣು ಮುಚ್ಚಿತ್ತು.

ಮಾಮನ ಬೆರಳು ತಾನಾಗಿಯೇ ಫೋನಿನ ಗುಂಡಿ ಒತ್ತಿತು.

ಹೆಂಗಸು ನೇರವಾಗಿ ಬಂದು ದೀಪದ ಕಂಬಕ್ಕೆ ಢಿಕ್ಕಿ ಹೊಡೆದಳು. ಎರಡು ಹೆಜ್ಜೆ ಹಿಂದೆ ಸರಿದು, ತಲೆ ಬಗ್ಗಿಸಿ, ಕಂಬಕ್ಕೆ ಅಂದಳು: “ತಪ್ಪಾಯ್ತಣ್ಣ, ನೋಡಲಿಲ್ಲ.” ಕಂಬ ಉತ್ತರ ಕೊಡುವುದನ್ನು ಕಾಯುವಂತೆ ಒಂದು ಗಳಿಗೆ ನಿಂತಳು. ಆಮೇಲೆ ಕಣ್ಣು ತೆರೆದಳು, ಶಾಲು ಸರಿ ಮಾಡಿಕೊಂಡಳು, ಈ ಕಡೆ ತಿರುಗಿ ನಡೆದು ಬಂದು ಗುಂಡಿಯೊಳಕ್ಕೆ ಕಾಲಿಟ್ಟಳು.

ಸೊಂಟದ ಆಳದ ಗುಂಡಿ. ಬಿದ್ದ ಸದ್ದಿಗೆ ಕಸ ಗುಡಿಸುವಾಕೆ ಪೊರಕೆ ಬಿಸಾಡಿ ಓಡಿ ಬಂದು, ಕೈಕೊಟ್ಟು ಎತ್ತಿ, ಸೀರೆಗೆ ಮೆತ್ತಿದ ಕೆಸರು ಒರೆಸಿ, ಅತ್ತ ಕರೆದುಕೊಂಡು ಹೋದಳು. ಮಾಮನೂ ಹೋಗಬೇಕೆಂದೇ ಇದ್ದರು. ಆದರೆ ಅಷ್ಟರಲ್ಲಿ ಅವರು ವಿಡಿಯೋ ಸರಿಯಾಗಿ ಬಂದಿದೆಯೇ ಎಂದು ನೋಡುತ್ತಿದ್ದರು. ಸರಿಯಾಗಿಯೇ ಬಂದಿತ್ತು. ಮನೆಗೆ ಬರುವಷ್ಟರಲ್ಲಿ ಅದಕ್ಕೆ ಡೋಲಿನ ಸದ್ದು ಕೂಡಿತ್ತು, ಕೆಳಗೊಂದು ಸಾಲೂ ಇತ್ತು: ‘ಬೆಳ್ಳಂಬೆಳಗ್ಗೆಯೇ ಎಣ್ಣೆ ಒಳಗಿಳಿಸಿದರೂ ಸಂಸ್ಕಾರ ಬಿಟ್ಟಿಲ್ಲ, ಕಂಬಕ್ಕೂ ಮರ್ಯಾದೆ.’

ಅಂಥ ಹೊಗಳಿಕೆ ಅವರಿಗೆ ಹಿಂದೆಂದೂ ಬಂದಿರಲಿಲ್ಲ. ಡಾಕ್ಟರು ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಿತು ಎಂದು ಬರೆದರು, ನಗು ಶ್ವಾಸಕೋಶಕ್ಕೆ ಒಳ್ಳೆಯದೆಂದೂ ಸೇರಿಸಿದರು. ಒಬ್ಬರು ತಮ್ಮ ಮಗನಿಗೆ ಕಳಿಸಿದರು, ಆ ಮಗ ತನ್ನ ಆಫೀಸಿಗೆ ಕಳಿಸಿದ. ಸಂಜೆಯೊಳಗೆ ಅದು ಎಲ್ಲಿಂದ ಎಲ್ಲಿಗೋ ಹೋಗಿ, ಮಾಮನಿಗೆ ಪರಿಚಯವೇ ಇಲ್ಲದವರಿಂದ ಮಾಮನಿಗೇ ವಾಪಸು ಬಂತು.

ಹೆಂಡತಿಗೆ ಅವರು ಅದನ್ನು ತೋರಿಸಿದ್ದು ರಾತ್ರಿಯ ಅಡುಗೆಗೆ ಆಕೆ ಹುರುಳಿಕಾಯಿ ಮುರಿಯುತ್ತಾ ಕೂತಿದ್ದಾಗ. ಆಕೆ ಕನ್ನಡಕ ಏರಿಸಿ ನೋಡಿದರು. ನಗಲಿಲ್ಲ. ಇನ್ನೊಮ್ಮೆ ಹಾಕಿ ಅಂದರು. ಮಾಮ ಉತ್ಸಾಹದಿಂದ ಹಾಕಿದರು.

“ಇದು ನಮ್ಮ ಕಾಜಾ ಅಕ್ಕ ಅಲ್ವೇನ್ರೀ?”

ಮಾರುಕಟ್ಟೆಯ ಹಿಂದಿನ ಟೈಲರ್ ಅಂಗಡಿಯಲ್ಲಿ ಕೋಟು, ಅಂಗಿಗಳಿಗೆ ಕೈಯಲ್ಲೇ ಕಾಜಾ ಹೊಲಿದು ಗುಂಡಿ ಕೂರಿಸುವ ಹೆಂಗಸು ಆಕೆ. ಹೆಸರು ಯಾರಿಗೂ ಬೇಕಾಗಿರಲಿಲ್ಲ, ಎಲ್ಲರಿಗೂ ಕಾಜಾ ಅಕ್ಕ. ಗಂಡ ತೀರಿಕೊಂಡ ಮೇಲೆ ಶಾಲೆಗೆ ಹೋಗುವ ಮಗಳನ್ನು ಆ ಸೂಜಿಯಿಂದಲೇ ಸಾಕುತ್ತಿದ್ದಳು.

“ಅವಳು ಕುಡಿದಿದ್ಳು ಅಂತ ನಿಮಗೆ ಹೇಳಿದ್ದು ಯಾರು?” ಎಂದು ಹೆಂಡತಿ ಕೇಳಿದರು.

“ನಡಿಗೆ ಕಾಣ್ಸಲ್ವೇನೇ? ತಮಾಷೆಗೆ ಬರೆದದ್ದು. ಹೆಸರು ಹಾಕಿದೀನಾ, ಊರು ಹಾಕಿದೀನಾ? ಎಷ್ಟು ಜನ ಬೆಳಿಗ್ಗೆ ಎದ್ದು ನಕ್ಕಿದಾರೆ ಗೊತ್ತಾ? ನಗಿಸೋದೂ ಪಾಪ ಆಗೋಯ್ತಾ?”

“ಬೆಕ್ಕಿಗೆ ಚೆಲ್ಲಾಟ,” ಎಂದಷ್ಟೇ ಹೇಳಿ ಹೆಂಡತಿ ಹುರುಳಿಕಾಯಿಯ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಗಾದೆಯ ಉಳಿದರ್ಧವನ್ನು ಮಾಮನೇ ಪೂರ್ತಿ ಮಾಡಿಕೊಳ್ಳಬೇಕಾಯಿತು. ಮಾಡಿಕೊಳ್ಳಲಿಲ್ಲ. ಈಕೆಗೆ ಯಾವತ್ತೂ ನನ್ನ ಕೆಲಸ ಹಿಡಿಸಿದ್ದಿಲ್ಲ ಎಂದುಕೊಂಡು ಮಲಗಿದರು.

ವಾರ ಕಳೆಯುವಷ್ಟರಲ್ಲಿ ಹೆಂಡತಿ ಟೈಲರ್ ಅಂಗಡಿಯಿಂದ ಸಪ್ಪೆ ಮುಖದಲ್ಲಿ ಬಂದರು. ಕಾಜಾ ಅಕ್ಕನ ಮಣೆ ಖಾಲಿಯಿತ್ತಂತೆ. ಕೇಳಿದರೆ, ಇನ್ನು ಬರೋದು ಬೇಡ ಅಂದಿದೀನಿ ಎಂದು ಟೈಲರ್ ಮುಖ ತಿರುಗಿಸಿದನಂತೆ. ಹೆಂಡತಿ ಗಂಡನನ್ನು ಬೈಯಲಿಲ್ಲ. ಬೈದಿದ್ದರೆ ಮಾಮ ತಿರುಗಿ ಏನಾದರೂ ಅನ್ನಬಹುದಿತ್ತು. ಆಕೆ ಸುಮ್ಮನೆ ಇದ್ದದ್ದರಿಂದ, ಅವರೇ ಚಪ್ಪಲಿ ಮೆಟ್ಟಿ ಹೊರಟರು.

ಟೈಲರ್ ಕತ್ತರಿ ಕೆಳಗಿಡದೆ ಮಾತಾಡಿದ. ಅದು ತಮಾಷೆಗೆ ಬರೆದದ್ದು, ನಿಜವಲ್ಲ ಎಂದು ಮಾಮ ವಿವರಿಸಿದ್ದನ್ನೆಲ್ಲ ಕೇಳಿಸಿಕೊಂಡ. ಗಿರಾಕಿಗಳು ಬಂದು, ನಮ್ಮ ಕೋಟು ಆ ಕುಡುಕಿ ಕೈಯಲ್ಲಿ ಕೊಡ್ತೀಯಾ ಅಂತ ಕೇಳಿದರೆ ತಾನೇನು ಹೇಳಬೇಕೆಂದು ತಿರುಗಿ ಕೇಳಿದ. ಅಂಗಡಿ ನಂಬಿ ಇನ್ನೂ ನಾಲ್ಕು ಜನ ಕೂತಿದ್ದಾರೆ ಅಂದ.

“ನಾನೂ ಕಲ್ಲಲ್ಲ ಮಾಮ. ಅವಳನ್ನ ಕರೆದು ಕೇಳಿದೆ, ಅಕ್ಕ, ನಿಜ ಹೇಳು, ಕುಡೀತೀಯಾ ಅಂತ. ಇಲ್ಲ ಅಂದಿದ್ರೆ ನಂಬ್ತಿದ್ದೆ. ಬಾಯೇ ಬಿಡಲಿಲ್ಲ. ಸೂಜಿಡಬ್ಬಿ ಮುಚ್ಚಿ ಎದ್ದು ಹೋದ್ಳು. ಹೋಗೋವಾಗ ಬಾಗಿಲಿಗೂ ಹೊಡ್ಕೊಂಡ್ಳು. ಇನ್ನೇನು ಅನ್ಕೋಬೇಕು ನಾನು?”

ಸುಳ್ಳೆಂದು ಗೊತ್ತಿರುವ ಮಾತಿಗೆ ಆಕೆ ಇಲ್ಲ ಎನ್ನಲಿಲ್ಲವೇಕೆ? ಅದೇ ಪ್ರಶ್ನೆ ಹೊತ್ತು ಮಾಮ ಆಕೆಯ ಮನೆ ಹುಡುಕಿಕೊಂಡು ಹೋದರು. ಲಾಂಡ್ರಿಯ ಮೇಲಿನ ಒಂದೇ ಕೋಣೆ. ಮೆಟ್ಟಿಲ ತುಂಬ ಇಸ್ತ್ರಿಯ ಬಿಸಿ ವಾಸನೆ. ಬಾಗಿಲು ತೆಗೆದದ್ದು ಶಾಲೆಯ ಸಮವಸ್ತ್ರದಲ್ಲಿದ್ದ ಮಗಳು. ಯಾರೆಂದು ಕೇಳಿದಳು. ಸ್ಟುಡಿಯೋದವನು ಎಂದ ಕೂಡಲೇ ಅವಳ ಮುಖ ಬಿಗಿಯಿತು. ಬಾಗಿಲು ಹಾಕಲು ಹೊರಟವಳನ್ನು ಒಳಗಿನ ಧ್ವನಿ ತಡೆಯಿತು.

ಕಾಜಾ ಅಕ್ಕ ಕಿಟಕಿಯ ಕೆಳಗೆ ಕೂತು ಮಗಳ ಚೀಲಕ್ಕೆ ತೇಪೆ ಹಾಕುತ್ತಿದ್ದಳು. ಮೊಣಕೈಗೆ ಬಟ್ಟೆ ಸುತ್ತಿತ್ತು. ಕೂತ್ಕೊಳ್ಳಿ ಅಣ್ಣ ಅಂದಳು. ಮಾಮ ಕೂತರು. ತಪ್ಪಾಯಿತು ಅಂದರು, ಎಲ್ಲರಿಗೂ ನಿಜ ಬರೆದು ಕಳಿಸುತ್ತೇನೆ, ಟೈಲರ್‌ಗೂ ಹೇಳಿದ್ದೇನೆ, ಈಕೆ ಕುಡಿಯುವವಳಲ್ಲ ಅಂತ ಸಾರಿ ಬಿಡುತ್ತೇನೆ ಅಂದರು.

“ಕುಡಿದಿರಲಿಲ್ಲ ಅಂದ್ರೆ, ಮತ್ತೆ ಯಾಕೆ ಬಿದ್ಳು ಅಂತ ಕೇಳ್ತಾರೆ ಅಣ್ಣ,” ಎಂದಳು ಆಕೆ.

ಆಮೇಲೆ, ಮಗಳನ್ನು ನೀರು ತರಲು ಕೆಳಗೆ ಕಳಿಸಿ, ದಾರ ಎಳೆಯುತ್ತಲೇ ಹೇಳಿದಳು. ಕಣ್ಣು ಅಂಚಿನಿಂದ ಹೋಗುತ್ತಿದೆಯಂತೆ. ಕೊಳವೆಯೊಳಗಿಂದ ನೋಡಿದ ಹಾಗೆ, ನಡುವಿನ ಒಂದಿಷ್ಟು ಮಾತ್ರ ಉಳಿದಿದೆ. ಬೆಳಕು ಕಮ್ಮಿಯಾದರೆ ಅದೂ ಇಲ್ಲ. ಔಷಧಿಯಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿ ಬಹಳ ದಿನವಾಯಿತು. “ಕಾಜಾ ಕಾಣುತ್ತೆ, ಬಾಗಿಲು ಕಾಣಲ್ಲ,” ಎಂದು ಸಣ್ಣಗೆ ನಕ್ಕಳು. ಪೂರ್ತಿ ಕತ್ತಲಾಗುವ ಮೊದಲು ಕಾಲಿಗೆ ದಾರಿ ಕಲಿಸೋಣವೆಂದು ಉದ್ಯಾನಕ್ಕೆ ಬರುತ್ತಿದ್ದದ್ದು. ಅಲ್ಲಿ ವಾಹನ ಇಲ್ಲ, ಚಳಿಗೆ ಜನವೂ ಕಮ್ಮಿ. ಸ್ವಲ್ಪ ದೂರ ಕಣ್ಣು ಮುಚ್ಚಿ ನಡೆಯುವುದು, ಹೆದರಿಕೆಯಾದರೆ ತೆರೆಯುವುದು. ಬಿಳಿ ಕೋಲು ಹಿಡಿದರೆ ಊರಿಗೇ ಗೊತ್ತಾಗುತ್ತದಲ್ಲ, ಅದಕ್ಕೇ ಕೊಡೆ.

“ಕುಡುಕಿ ಅಂದ್ರೆ ಇವತ್ತಲ್ಲ ನಾಳೆ ಬಿಟ್ಟಳು ಅಂತಾರೆ, ಮತ್ತೆ ಕರೆದು ಕೆಲಸ ಕೊಡ್ತಾರೆ. ಕಣ್ಣಿಲ್ಲದವಳ ಕೈಗೆ ಸೂಜಿ ಯಾರು ಕೊಡ್ತಾರೆ? ಮಗಳ ಓದು ಮುಗಿಯೋ ತನಕ ಈ ವಿಷಯ ನಿಮ್ಮ ಬಾಯಿಂದ ಬರಬಾರದು. ನೀವು ಮಾಡಬಹುದಾದ ಉಪಕಾರ ಅದೊಂದೇ.”

ಮಾಮ ತಲೆ ಆಡಿಸಿದರು. ಅದು ಆಕೆಗೆ ಕಂಡಿತೋ ಇಲ್ಲವೋ ಎಂದು ಹೊಳೆದು, ಆಯ್ತಮ್ಮ ಅಂದರು. ಗಾಯ ಮಾಡಿದ ಕೈಯಿಂದ ಮುಲಾಮು ಹಚ್ಚುವುದೂ ಸಾಧ್ಯವಿಲ್ಲವೆಂದು ಅವರಿಗೆ ಆಗ ಅರ್ಥವಾಯಿತು. ನಿಜ ಹೇಳಿದರೆ ಒಂದು ಕೇಡು, ಹೇಳದಿದ್ದರೆ ಇನ್ನೊಂದು. ಎದ್ದು ಹೊರಡಬೇಕೆಂದುಕೊಂಡರು.

“ಅಣ್ಣ, ಒಂದು ಕೇಳ್ಲಾ?” ಎಂದಳು ಆಕೆ. “ಎಲ್ಲರೂ ನೋಡಿದಾರೆ, ನಾನು ಮಾತ್ರ ನೋಡಿಲ್ಲ. ನನ್ನ ಫೋನಲ್ಲಿ ಅದೆಲ್ಲ ಬರಲ್ಲ. ಮಗಳನ್ನ ಕೇಳಿದ್ರೆ ಅಳ್ತಾಳೆ. ಹೇಗಿದೆ ಅದು? ಹೇಳಿ.”

 

ಮಾಮ ಹೇಳತೊಡಗಿದರು. ಮೊದಲು ಮಂಜು. ದೀಪದ ಹಳದಿ ಬೆಳಕು. ನೀವು ಶಾಲು ಹೊದ್ದು ಬರ್ತಾ ಇದೀರಿ ಅಂದರು. ಡೋಲಿನ ಸದ್ದನ್ನು ಬಿಟ್ಟರು. ಎಷ್ಟೋ ಸಲ ನೋಡಿ ನಕ್ಕಿದ್ದ ದೃಶ್ಯ, ಬಾಯಲ್ಲಿ ಹೇಳಲು ಹೊರಟರೆ ಒಂದೊಂದು ಮಾತನ್ನೂ ಹುಡುಕಿ ತರಬೇಕಾಯಿತು. ಕಂಬಕ್ಕೆ ತಗುಲಿದಿರಿ, ಆಮೇಲೆ ಕಂಬಕ್ಕೆ ತಪ್ಪಾಯ್ತಣ್ಣ ಅಂದ್ರಿ ಅಂದರು.

“ಕಂಬಕ್ಕಾ?” ಆಕೆಯ ಕೈ ನಿಂತಿತು. “ಅದು ಕಂಬವಾ? ಯಾರೋ ದೊಡ್ಡವರು, ಕೋಪ ಮಾಡ್ಕೊಂಡು ಸುಮ್ಮನೆ ನಿಂತಿದಾರೆ ಅಂತ ನಾನು…” ಎಂದು ನಗತೊಡಗಿದಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. “ನಗು ಬರೋ ವಿಷಯವೇ ಬಿಡಿ. ಜನರದೇನು ತಪ್ಪು? ಆಮೇಲೆ?”

“ಆಮೇಲೆ ಗುಂಡಿ.”

“ನೀವು ಎಲ್ಲಿದ್ರಿ?”

“ಅಲ್ಲೇ. ಗುಂಡಿ ಆಚೆ.”

“ನಾನು ಅದರ ಕಡೆಗೇ ಬರ್ತಿದೀನಿ ಅಂತ ಕಾಣ್ತಿತ್ತಾ?”

ಕೆಳಗೆ ಯಾರೋ ಇಸ್ತ್ರಿಯನ್ನು ಠಪ್ಪೆಂದು ಇಟ್ಟರು. ಕಾಣ್ತಿತ್ತು ಎಂದರು ಮಾಮ.

ಆಕೆ ಸಿಟ್ಟಾಗಲಿಲ್ಲ. ಲೆಕ್ಕ ತಾಳೆಯಾಗದವಳಂತೆ ಹುಬ್ಬು ಗಂಟಿಕ್ಕಿದಳು. “ಒಂದು ಮಾತು ಕೂಗಿದ್ರೆ ನಿಲ್ತಿದ್ದೆನಲ್ಲ ಅಣ್ಣ,” ಎಂದಳು. ಆಮೇಲೆ ದಾರವನ್ನು ಹಲ್ಲಿನಿಂದ ಕಡಿದು, ಚೀಲವನ್ನು ಕಣ್ಣಿನ ಹತ್ತಿರ ಹಿಡಿದು, ಹೊಲಿಗೆ ನೇರ ಬಂದಿದೆಯೇ ಎಂದು ನೋಡತೊಡಗಿದಳು.

ಮರುದಿನ ಮಾಮ ಗುಂಪಿನಿಂದ ಆ ವಿಡಿಯೋ ತೆಗೆದುಹಾಕಿ, ಆ ಹೆಂಗಸು ಕುಡಿದಿರಲಿಲ್ಲ, ಹಾಗೆ ಬರೆದದ್ದು ನನ್ನ ಸುಳ್ಳು ಎಂದು ಹಾಕಿದರು. ಕೆಲವರು ಹೋಗಲಿ ಬಿಡಿ ಎಂದರು. ಮತ್ತೆ ಯಾಕೆ ಬಿದ್ದಳಂತೆ ಎಂದು ಡಾಕ್ಟರು ಕೇಳಿದರು, ಮಾಮ ಫೋನು ಜೇಬಿಗೆ ಹಾಕಿಕೊಂಡು ಸುತ್ತಿಗೆ ಹೊರಟರು. ಸುತ್ತಿನ ನಡುವೆ ಮೇಷ್ಟ್ರು ಮೊದಲ ಬಾರಿಗೆ ಅವರ ಪಕ್ಕಕ್ಕೆ ಬಂದು ನಡೆದರು. “ನನ್ನ ಹಲ್ಲು ಬಿದ್ದ ದಿನ ನಾನೂ ನಕ್ಕೆ ಸ್ಟುಡಿಯೋದವರೇ. ನಗದಿದ್ರೆ ನೀವೆಲ್ಲ ಇನ್ನೂ ಜಾಸ್ತಿ ನಗ್ತಿದ್ರಿ,” ಎಂದರು. ಕೈ ಹಿಂದೆ ಕಟ್ಟಿಕೊಂಡು ಮುಂದೆ ಹೋದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಗುಂಪಿನಲ್ಲಿ ತೆಗೆದರೇನು, ಹೊರಗೆ ಅದು ತನ್ನ ಪಾಡಿಗೆ ಓಡಾಡುತ್ತಲೇ ಇತ್ತು. ಯಾರೋ ಡೋಲು ತೆಗೆದು ಬೇರೆ ಹಾಡು ಹಾಕಿದರು. ಯಾರೋ ಬೀಳುವುದನ್ನೇ ಹಿಂದೆ ಮುಂದೆ ಓಡಿಸಿ, ಗುಂಡಿಯಿಂದ ಎದ್ದು ಮತ್ತೆ ಮತ್ತೆ ಬೀಳುವ ಹಾಗೆ ಮಾಡಿದರು. ಹೆಂಡತಿ ಟೈಲರ್‌ನ ಹತ್ತಿರ ಹೋಗಿ ಕೂತು, ಬೇಡಿ, ಜಗಳವಾಡಿ, ಕೊನೆಗೆ ಅರ್ಧ ಒಪ್ಪಿಸಿದರು. ಅಂಗಡಿಗೆ ಬರುವುದು ಬೇಡ, ಗಿರಾಕಿಗಳ ಕಣ್ಣಿಗೆ ಬೀಳುವುದು ಬೇಡ, ಬಟ್ಟೆ ಮನೆಗೇ ಕಳಿಸುತ್ತೇನೆ ಎಂದ ಟೈಲರ್. ಹಾಗಾಗಿ ಕಾಜಾ ಅಕ್ಕನ ಕೆಲಸ ಒಂದಿಷ್ಟು ಉಳಿಯಿತು. ಆದರೆ ಕೆಲಸ ಕಿಟಕಿಯ ಕೆಳಗೇ ಬಂದದ್ದರಿಂದ ಮೆಟ್ಟಿಲಿಳಿಯುವ ಕಾರಣವೇ ತಪ್ಪಿತು. ಉದ್ಯಾನಕ್ಕಂತೂ ಬರಲಿಲ್ಲ. ಬರುತ್ತೀಯಾ, ನಾನು ಜೊತೆಗಿರುತ್ತೇನೆ ಎಂದು ಹೆಂಡತಿ ಕರೆದದ್ದಕ್ಕೆ, ಅಲ್ಲಿ ಯಾರು ನಿಂತಿರ್ತಾರೋ ಗೊತ್ತಾಗಲ್ಲ ಅಕ್ಕ ಅಂದಳಂತೆ. ಕಾಲು ಕಲಿತಿದ್ದ ದಾರಿ ಅಲ್ಲಿಗೇ ನಿಂತಿತು. ಕಣ್ಣು ಮಾತ್ರ ತನ್ನ ದಾರಿ ಹಿಡಿದು ಹೋಗುತ್ತಲೇ ಇತ್ತು.

ಚಳಿ ಇಳಿಯುವ ಹೊತ್ತಿಗೆ ಗುಂಪಿಗೆ ಒಬ್ಬರು ಹೊಸಬರು ಸೇರಿದರು. ಬೇರೆ ಊರಿನಿಂದ ವರ್ಗವಾಗಿ ಬಂದ ಬ್ಯಾಂಕಿನವರು, ಮಾತುಗಾರರು. ಮೊದಲ ದಿನವೇ ಎಲ್ಲರನ್ನೂ ಅಣ್ಣ, ಮಾಮ ಮಾಡಿಕೊಂಡರು. ಕಾರಂಜಿಯ ಹತ್ತಿರ ಬಂದಾಗ ಅವರು ಮಾಮನ ಹೆಗಲು ಮುಟ್ಟಿ ನಿಲ್ಲಿಸಿ, ಮಾಮ, ಒಂದು ನಗೆಯ ವಸ್ತು ತೋರಿಸ್ತೀನಿ ಎಂದು ಫೋನು ಹಿಡಿದರು. ಕಂದು ಶಾಲಿನ ಹೆಂಗಸು ಕಂಬಕ್ಕೆ ತಲೆ ಬಗ್ಗಿಸುತ್ತಿದ್ದಳು. ಮಾಮ ಕೊನೆಯವರೆಗೆ ನೋಡಿದರು.

“ಇದು ಇದೇ ಪಾರ್ಕ್ ಅಂತೆ, ಹೌದಾ? ಯಾವ ಜಾಗ ಮಾಮ ಇದು?”

“ಬನ್ನಿ, ತೋರಿಸ್ತೀನಿ,” ಎಂದರು ಮಾಮ.

ಗುಂಡಿಯನ್ನು ಮುಚ್ಚಿ ಬಹಳ ದಿನವಾಗಿತ್ತು. ಹೊಸ ಮಣ್ಣಿನ ಬಣ್ಣ ಮಾತ್ರ ಬೇರೆಯಾಗಿ ಕಾಣುತ್ತಿತ್ತು. ಮಾಮ ಹೊಸಬರನ್ನು ಅದರ ಒಂದು ಬದಿಗೆ ನಿಲ್ಲಿಸಿದರು. “ಅವರು ಇಲ್ಲಿಗೆ ಬಂದ್ರು,” ಎಂದರು. ಆಮೇಲೆ ಮಣ್ಣಿನ ಪಟ್ಟಿಯನ್ನು ಸುತ್ತಿ ಇನ್ನೊಂದು ಬದಿಗೆ ಹೋಗಿ, ಜಾಗ ನೆನಪು ಮಾಡಿಕೊಂಡು, ಅರ್ಧ ಹೆಜ್ಜೆ ಸರಿದು, ಎದುರಿಗೆ ನಿಂತರು. “ನಾನು ಇಲ್ಲಿ ನಿಂತಿದ್ದೆ. ಇದನ್ನ ತೆಗೆದದ್ದು ನಾನೇ.”

ಹೊಸಬರು ನಗಲು ಹೊರಟವರು ಮಾಮನ ಮುಖ ನೋಡಿ ತಡೆದುಕೊಂಡರು. ಆಕೆ ಅಷ್ಟೊಂದು ಕುಡಿದಿದ್ದಳಾ ಎಂದು ಮೆಲ್ಲಗೆ ಕೇಳಿದರು.

“ಕುಡಿದಿರಲಿಲ್ಲ.”

“ಮತ್ತೆ?”

“ಅದು ಅವರ ವಿಷಯ, ನಾನು ಹೇಳೋ ಹಾಗಿಲ್ಲ. ನಾನು ಹೇಳಬೇಕಾದದ್ದು ಇಷ್ಟೇ. ಗುಂಡಿ ನನಗೆ ಕಾಣ್ತಿತ್ತು.”

ಇಬ್ಬರ ನಡುವೆ ಇದ್ದದ್ದು ಒಂದು ಮಂಚದಷ್ಟು ಅಗಲದ ಮಣ್ಣು. ಮಾಮ ತಮ್ಮ ಬರಿಗೈಯನ್ನು ಮುಂದಕ್ಕೆ ಚಾಚಿದರು. ಏನೆಂದು ತಿಳಿಯದೆ ಹೊಸಬರೂ ಚಾಚಿದರು. ಕೈಗಳು ಸುಲಭವಾಗಿ ಒಂದನ್ನೊಂದು ಮುಟ್ಟಿದವು.